ಜಯನ ಮೂಗಿಗೆ ಉಳಿ ಇಟ್ಟವನು

ಅಶ್ವತ್ಥಮ್ಮ ಪೊಲೀಸ್ ಕೆಲಸಕ್ಕೆ ಸೇರಿದ್ದು ದೇಶಸೇವೆಗಲ್ಲ, ರೇಷ್ಮೆಹುಳುಗಳಿಂದ ತಪ್ಪಿಸಿಕೊಳ್ಳುವುದಕ್ಕೆ. ಸುಗಟೂರಿನ ಅವರ ಮನೆಯಲ್ಲಿ ಹುಳುಗಳಿಗೆ ಅಟ್ಟಣಿಗೆಯ ಮೇಲೆ ಹಾಸಿಗೆ, ಮನುಷ್ಯರಿಗೆ ಬಾಗಿಲ ಸಂದಿಯಲ್ಲಿ ಚಾಪೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಹಸಿವೆಂದು ಬಾಯಿಬಿಟ್ಟರೆ ಮುಗಿಯಿತು, ಹೊತ್ತು ಗೊತ್ತಿಲ್ಲದೆ ಹಿಪ್ಪುನೇರಳೆ ಸೊಪ್ಪು ತಂದು ಸುರಿಯುತ್ತಲೇ ಇರಬೇಕು. "ಹುಳಕ್ಕೆ ಸೆಲ್ಯೂಟ್ ಹೊಡೆಯೋ ಬದ್ಲು ಸಾಹೇಬರಿಗೆ ಹೊಡೆದ್ರೆ ತಿಂಗಳಿಗೆ ಸಂಬಳನಾದ್ರೂ ಬರುತ್ತೆ" ಎಂದು ಅಪ್ಪನಿಗೆ ಹೇಳಿದಳು. ಎತ್ತರ ಅಳೆಯುವ ದಿನ ಜಡೆಯನ್ನು ನೆತ್ತಿಗೆ ಸುತ್ತಿ ಕಟ್ಟಿಕೊಂಡು ಹೋಗಿ, ಅರ್ಧ ಅಂಗುಲ ಸುಳ್ಳು ಎತ್ತರದಲ್ಲಿ ಇಲಾಖೆ ಸೇರಿದಳು.

ಅದಾಗಿ ಮೂವತ್ತು ವರ್ಷ. ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ ಎಂದು ಸುತ್ತಿ, ಹಲವು ಕುರ್ಚಿ ಸವೆಸಿ, ಈಗ ಮಾಲೂರು ಕಡೆಯ ಒಂದು ಸಣ್ಣ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಕಳ್ಳರನ್ನು ಬೆನ್ನಟ್ಟಿ ಹಿಡಿದ ಕೀರ್ತಿಯೇನೂ ಅವಳಿಗಿಲ್ಲ. ಇದ್ದದ್ದು ಒಂದು ಬಾಯಿ, ಒಂದು ಕೈಬರಹ. ಬಾಯಿಗೆ ಹೆದರಿದ ಅಧಿಕಾರಿಗಳು ವರ್ಗ ಮಾಡುತ್ತಿದ್ದರು, ಕೈಬರಹಕ್ಕೆ ಆಸೆಪಟ್ಟವರು ಕರೆಸಿಕೊಳ್ಳುತ್ತಿದ್ದರು. ಹೋದಲ್ಲೆಲ್ಲ ಅವಳೇ ಠಾಣೆಯ ರೈಟರ್. ದೂರು, ಪಂಚನಾಮೆ, ಆರೋಪಿಯನ್ನು ಜೈಲಿಗೆ ಕಳಿಸಿಕೊಡಿ ಎಂದು ಕೋರ್ಟಿಗೆ ಕೊಡುವ ರಿಮ್ಯಾಂಡ್ ಅರ್ಜಿ, ಎಲ್ಲ ಅವಳ ಕೈಯದೇ. "ಅಶ್ವತ್ಥಮ್ಮ ಬರೆದರೆ ಕೋಳಿ ಕದ್ದವನೂ ದೇಶದ್ರೋಹಿ ಥರ ಕಾಣ್ತಾನೆ" ಎಂದು ಒಬ್ಬ ಇನ್‌ಸ್ಪೆಕ್ಟರು ಹೊಗಳಿದ್ದರು.

ಆ ಮುತ್ತಿನಂಥ ಅಕ್ಷರದಲ್ಲೇ ಅವಳು ಮುನಿಯಲ್ಲಪ್ಪನನ್ನು ಜೈಲಿಗೆ ಕಳಿಸಿದ್ದು.

ಮುನಿಯಲ್ಲಪ್ಪ ಶ್ರೀನಿವಾಸಪುರದ ಕಡೆ ಮಾವಿನತೋಪು ಕಾಯುತ್ತಿದ್ದವನು. ಕೊರೋನಾ ಬರುವುದಕ್ಕೆ ಹಿಂದಿನ ವರ್ಷ, ಎರಡು ಸಾವಿರದ ಹತ್ತೊಂಬತ್ತರಲ್ಲಿ, ಸರ್ಕಾರಿ ಬಸ್ಸಿಗೆ ಕಲ್ಲು ಬೀರಿ ಮುಂದಿನ ಗಾಜು ಪುಡಿ ಮಾಡಿದ. ಯಾಕೆಂದು ಕೇಳಿದರೆ, "ಬಸ್ಸು ನನ್ನ ಹೆಸರು ಹಿಡಿದು ಬೈತಾ ಇತ್ತು" ಎಂದ. ಠಾಣೆಗೆ ಠಾಣೆಯೇ ನಕ್ಕಿತು. "ಯಾವ ಬಸ್ಸಪ್ಪಾ ಬೈದಿದ್ದು, ಎಕ್ಸ್‌ಪ್ರೆಸ್ಸಾ, ಶಟಲ್ಲಾ?" ಎಂದು ಕೇಳಿದ್ದು ಅಶ್ವತ್ಥಮ್ಮನೇ. ಆಮೇಲೆ 'ಆರೋಪಿಯು ಉದ್ದೇಶಪೂರ್ವಕವಾಗಿ' ಎಂದು ಶುರುಮಾಡಿ ಎರಡು ಪುಟ ಬರೆದಳು. ಅವನಿಗೆ ಜಾಮೀನು ನಿಲ್ಲುವವರು ಯಾರೂ ಸಿಗಲಿಲ್ಲ. ಹದಿನಾಲ್ಕು ತಿಂಗಳು ಒಳಗಿದ್ದ. ತಾಯಿ ಅಂಜಮ್ಮ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ವಾರವಾರ ಜೈಲಿನ ಬಾಗಿಲಿಗೆ ಬರುತ್ತಿದ್ದಳಂತೆ. ಹೊರಬಂದ ಮೇಲೆ ಅವನು ಯಾರ ಜೊತೆಗೂ ಮಾತಾಡುತ್ತಿಲ್ಲವೆಂದು ಯಾರೋ ಹೇಳಿದರು. ಅಶ್ವತ್ಥಮ್ಮ "ಪಾಪ" ಎಂದು ಮುಂದಿನ ಫೈಲು ತೆಗೆದಳು.

ಆ ಪಾಪ ತಿರುಗಿ ಅವಳನ್ನು ಹಿಡಿದುಕೊಂಡದ್ದು ನಾಲ್ಕು ವರ್ಷ ಬಿಟ್ಟು, ಕೋಲಾರದ ಒಂದು ಸಭಾಂಗಣದಲ್ಲಿ. ಪೊಲೀಸರಿಗೆ ತರಬೇತಿ. ಮಧ್ಯಾಹ್ನ ಬಿಸಿಬೇಳೆಬಾತ್, ಮೊಸರನ್ನ, ತಲೆಗೆ ಎರಡು ಜಾಮೂನು ಹಾಕಿ, ಆಮೇಲೆ ಕಾನೂನು ಹೇಳಿಕೊಡಲು ಶುರುಮಾಡಿದರೆ ಯಾವ ಪೊಲೀಸು ಎಚ್ಚರ ಇರುತ್ತಾನೆ? ಎಂಬತ್ತು ಜನರಲ್ಲಿ ಎಪ್ಪತ್ತೊಂಬತ್ತು ಜನ ತೂಕಡಿಸುತ್ತಿದ್ದರು. ಅಶ್ವತ್ಥಮ್ಮನಿಗೆ ದವಡೆಹಲ್ಲು ನೋವು, ಮಲಗಲು ಬಿಡಲಿಲ್ಲ. ಹಾಗಾಗಿ ಜಿಲ್ಲೆಯ ಮಾನಸಿಕ ಆರೋಗ್ಯದ ಡಾಕ್ಟರು ಶ್ರೀವಾಣಿ ಹೇಳಿದ್ದು ಅವಳೊಬ್ಬಳ ಕಿವಿಗೆ ಬಿತ್ತು. ಮನಸ್ಸಿನ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರುವ ಸ್ಥಿತಿಯಲ್ಲಿರುವವರು ಪೊಲೀಸರಿಗೆ ಸಿಕ್ಕರೆ ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆತರಬೇಕು. ಮಾನಸಿಕ ಆರೋಗ್ಯ ಕಾಯ್ದೆಯ ನೂರನೇ ಸೆಕ್ಷನ್.

ಅಶ್ವತ್ಥಮ್ಮ ಕೆನ್ನೆ ಹಿಡಿದುಕೊಂಡೇ ಎದ್ದಳು. "ಮೇಡಂ, ಇದು ಯಾವತ್ತಿಂದ?"

"ಎರಡು ಸಾವಿರದ ಹದಿನೆಂಟರಿಂದ."

"ನಮಗ್ಯಾರೂ ಹೇಳ್ಲೇ ಇಲ್ವಲ್ಲ?"

"ಈಗ ಹೇಳ್ತಾ ಇದ್ದೀನಲ್ಲಮ್ಮ. ನೀವೊಬ್ಬರೇ ಕೇಳಿಸ್ಕೊಳ್ತಾ ಇರೋದು" ಎಂದರು ಶ್ರೀವಾಣಿ, ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬ ಸರ್ಕಲ್ ಇನ್‌ಸ್ಪೆಕ್ಟರನ್ನು ನೋಡುತ್ತಾ.

ಹದಿನೆಂಟು, ಹತ್ತೊಂಬತ್ತು. ಲೆಕ್ಕಕ್ಕೆ ಬೆರಳೂ ಬೇಡವಾಗಿತ್ತು. ಆ ದಿನ ಸಾಯಂಕಾಲ ಹಲ್ಲು ಕೀಳಿಸಿಕೊಂಡಳು. ಹಲ್ಲಿನ ನೋವು ಹೋಯಿತು. ಇನ್ನೊಂದು ಉಳಿಯಿತು.

ಇದಾದ ಮೇಲೆ ಬಂದದ್ದು ಶಿವಾರಪಟ್ಟಣದ ಭೀಮರಾಜ್.

ಭೀಮರಾಜ್ ಕಲ್ಲಿನಲ್ಲಿ ದೇವರನ್ನು ಕೆತ್ತುವವನು. ವಯಸ್ಸು ಮೂವತ್ತೆಂಟು, ಒಳ್ಳೆಯ ಕೈ, ಮಾತು ಕಮ್ಮಿ. ಆದರೆ ಆ ಜ್ಯೇಷ್ಠದಲ್ಲಿ ಅವನಿಗೆ ಏನೋ ಆಯಿತು. ಎಂಟು ದಿನ ರೆಪ್ಪೆ ಮುಚ್ಚಲಿಲ್ಲ. ಎರಡು ಫೋನು ಹಿಡಿದುಕೊಂಡು, ಎರಡೂ ಕಿವಿಗೆ ಇಟ್ಟುಕೊಂಡು, ಕೋಲಾರ ಜಿಲ್ಲೆಯ ದೇವರುಗಳೆಲ್ಲ ಅಳತೆ ತಪ್ಪಿದ್ದಾರೆ, ತಾನೊಬ್ಬನೇ ಸರಿಮಾಡಬೇಕು ಎಂದು ಹೇಳತೊಡಗಿದ. ಮೊದಲು ಕುಡಿತ ಎಂದರು. ಕುಡಿತವೂ ಇತ್ತು, ನಿದ್ದೆ ಬರಲೆಂದು ಕುಡಿದ, ನಿದ್ದೆಯೂ ಬರಲಿಲ್ಲ, ನಶೆಯೂ ಏರಲಿಲ್ಲ. ಆಮೇಲೆ ಗಾಳಿ ಎಂದರು. ಹೆಂಡತಿ ಅನಿತ ತಾಯಿತ ಕಟ್ಟಿಸಿದಳು. ಕಟ್ಟಿದ ಸ್ವಾಮಿಗೇ ಭೀಮರಾಜ್ ಕಣ್ಣುಗಳ ನಡುವಿನ ಅಂತರ ಜಾಸ್ತಿಯಾಯಿತೆಂದು ಬುದ್ಧಿ ಹೇಳಿ ಕಳಿಸಿದ.

ಒಂಬತ್ತನೇ ದಿನ ಮಧ್ಯಾಹ್ನ ಟಿವಿಎಸ್ ಹತ್ತಿ, ಉಳಿ ಸುತ್ತಿಗೆ ಇಟ್ಟುಕೊಂಡು, ಅಶ್ವತ್ಥಮ್ಮನ ಠಾಣೆಯ ವ್ಯಾಪ್ತಿಯ ವೆಂಕಟರಮಣಸ್ವಾಮಿ ಗುಡಿಗೆ ಬಂದ. ಆ ಗುಡಿಯ ಬಾಗಿಲ ಎರಡು ಕಡೆ ನಿಂತ ದ್ವಾರಪಾಲಕರು, ಜಯ ಮತ್ತು ವಿಜಯ, ಒಂಬತ್ತು ವರ್ಷದ ಹಿಂದೆ ಅವನೇ ಮಾಡಿಕೊಟ್ಟವರು. ಅವಸರದಲ್ಲಿ ಜಯನ ಮೂಗು ಒಂದು ಕಡೆ ಉಬ್ಬಿಹೋಗಿತ್ತು. ಊರಲ್ಲಿ ಯಾರಿಗೂ ಅದು ಕಂಡಿರಲಿಲ್ಲ, ಅವನಿಗೆ ಮಾತ್ರ ಒಂಬತ್ತು ವರ್ಷ ಕಂಡಿತ್ತು. ಸ್ಟೂಲು ಹಾಕಿಕೊಂಡು ಹತ್ತಿ ಕೂತು ಕೆಲಸ ಶುರು ಮಾಡಿದ. ಊಟ ಮುಗಿಸಿ ಬಂದ ಪೂಜಾರಿಗೆ, "ಸ್ವಾಮೀ, ಫೋನಿನ ಲೈಟ್ ಸ್ವಲ್ಪ ಈ ಕಡೆ ಹಿಡೀರಿ" ಎಂದ. ಅವನು ಹೇಳಿದ ಗತ್ತಿಗೆ ಪೂಜಾರಿ ಹತ್ತು ನಿಮಿಷ ಲೈಟು ಹಿಡಿದುಕೊಂಡು ನಿಂತ. ಆಮೇಲೆ, ಇದಕ್ಕೆ ಕಮಿಟಿಯಲ್ಲಿ ಯಾವಾಗ ತೀರ್ಮಾನ ಆಯಿತು ಎಂದು ಯೋಚನೆ ಬಂದು ಕಿರುಚಿಕೊಂಡ.

ಅಶ್ವತ್ಥಮ್ಮ ಜೀಪಿನಲ್ಲಿ ಬರುವಷ್ಟರಲ್ಲಿ ಜನ ಅವನನ್ನು ನಲ್ಲಿಕಂಬಕ್ಕೆ ಕಟ್ಟಿ ಎರಡು ಬಿಟ್ಟಿದ್ದರು. ತುಟಿ ಒಡೆದಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ, ಕಟ್ಟಿದವರಿಗೇ ಮೂಗಿನ ಅಳತೆಯ ಪಾಠ ಹೇಳುತ್ತಿದ್ದ. ಅಶ್ವತ್ಥಮ್ಮನನ್ನು ಕಂಡು ಕಣ್ಣು ಕಿರಿದು ಮಾಡಿದ.

"ಅಕ್ಕಾ, ನಿಮ್ಮ ಎಡಗಡೆ ಹೊಳ್ಳೆ ಅರ್ಧ ನೂಲು ದಪ್ಪ ಇದೆ. ಹಗ್ಗ ಬಿಚ್ಚಿಸಿ, ಎರಡೇ ನಿಮಿಷದ ಕೆಲಸ."

"ಐವತ್ತೈದು ವರ್ಷ ಇದ್ರಲ್ಲೇ ಉಸಿರಾಡಿದ್ದೀನಿ ಕಣಪ್ಪ, ಇರಲಿ ಬಿಡು" ಎಂದಳು ಅಶ್ವತ್ಥಮ್ಮ. ಆದರೆ ಅವನ ಕಣ್ಣು ನೋಡಿ ಅವಳ ನಗು ಅರ್ಧಕ್ಕೇ ನಿಂತಿತು. ಕೆಂಪಗೆ, ಅಗಲವಾಗಿ, ಎಲ್ಲೂ ನಿಲ್ಲದೆ ಓಡುವ ಕಣ್ಣು. ಬಸ್ಸು ಬೈತಾ ಇತ್ತು ಎಂದವನ ಕಣ್ಣೂ ಹೀಗೇ ಇತ್ತು.

ಠಾಣೆಗೆ ಕರೆತಂದರು. ಹಿಂದೆಯೇ ಗುಡಿ ಕಮಿಟಿ ಅಧ್ಯಕ್ಷ ಚನ್ನರಾಯಪ್ಪ, ಅವನ ಹಿಂದೆ ಅರವತ್ತು ಜನ. ಸಬ್ ಇನ್‌ಸ್ಪೆಕ್ಟರ್ ಮುರಳಿಮೋಹನ್ ಇಪ್ಪತ್ತೆಂಟರ ಹುಡುಗ; ಪರೀಕ್ಷೆಯಲ್ಲಿ ಒಳ್ಳೆಯ ನಂಬರು ತೆಗೆದವನು, ಗುಂಪು ಕಂಡರೆ ಬೆವರುವವನು. ಕಿಟಕಿಯಿಂದ ಹೊರಗೆ ನೋಡಿದ, ಕರ್ಚೀಫು ತೆಗೆದ.

"ಅಮ್ಮಾ, ಬರೀರಿ. ಧಾರ್ಮಿಕ ಭಾವನೆಗೆ ಧಕ್ಕೆ, ವಿಗ್ರಹ ಭಂಗ. ಇವತ್ತೇ ಕೋರ್ಟಿಗೆ ಹಾಜರು ಮಾಡಿ ರಿಮ್ಯಾಂಡ್ ಮಾಡಿಸ್ಬಿಡೋಣ. ಜೈಲಲ್ಲಾದ್ರೆ ಅವನೂ ಸೇಫು, ನಾವೂ ಸೇಫು."

ಅಶ್ವತ್ಥಮ್ಮ ಪೆನ್ನಿಗೆ ಕ್ಯಾಪು ಹಾಕಿದಳು. "ನಾನು ಬರೆಯಲ್ಲ ಸಾರ್."

ಮೂವತ್ತು ವರ್ಷದಲ್ಲಿ ಅವಳು ಬಾಯಿಂದ ಬೇಕಾದಷ್ಟು ಎದುರಾಡಿದ್ದಳು. ಪೆನ್ನಿನಿಂದ ಎದುರಾಡಿದ್ದು ಅದೇ ಮೊದಲು. ಮುರಳಿಮೋಹನ್ ಕುರ್ಚಿಯಲ್ಲಿ ನೆಟ್ಟಗಾದ.

"ಏನಂದ್ರಿ?"

"ಅವನಿಗೆ ಹುಷಾರಿಲ್ಲ ಸಾರ್. ಎಂಟು ದಿನ ನಿದ್ದೆ ಮಾಡಿಲ್ಲ, ಅವನ ಹೆಂಡ್ತಿ ಫೋನಲ್ಲಿ ಹೇಳಿದ್ಲು. ಮನಸ್ಸಿನ ಕಾಯಿಲೆ ಇರೋನನ್ನ ಲಾಕಪ್ಪಿಗೂ ಹಾಕಂಗಿಲ್ಲ, ಜೈಲಿಗೂ ಕಳಿಸಂಗಿಲ್ಲ. ನೂರನೇ ಸೆಕ್ಷನ್. ನೋಡ್ಕೊಳ್ಳಿ."

"ಅದು ಬೀದೀಲಿ ಅಲೆಯೋರಿಗಮ್ಮಾ. ಇವನು ಅಪರಾಧ ಮಾಡಿದ್ದಾನೆ."

"ತನಗೋ ಬೇರೆಯವರಿಗೋ ಅಪಾಯ ಆಗೋ ಸ್ಥಿತೀಲಿರೋರಿಗೂ ಅಂತಿದೆ ಸಾರ್. ಕೇಸು ಬೇಡ ಅಂತ ನಾನು ಹೇಳ್ತಿಲ್ಲ. ಮೊದ್ಲು ಡಾಕ್ಟ್ರು ನೋಡ್ಲಿ, ಆಮೇಲೆ ನೀವು ಏನ್ ಬೇಕಾದ್ರೂ ಬರೆಸಿ, ಬಂಗಾರದ ಅಕ್ಷರದಲ್ಲಿ ಬರ್ಕೊಡ್ತೀನಿ."

ಮುರಳಿಮೋಹನ್ ಫೋನಿನಲ್ಲಿ ಕಾನೂನು ತೆಗೆದು ಓದಿದ. ಎರಡು ಸಲ ಓದಿದ. "ಇದೆ ಕಣ್ರಮ್ಮ" ಎಂದ, ಮೆತ್ತಗೆ. ಆಮೇಲೆ ಕಿಟಕಿ ಕಡೆ ತೋರಿಸಿ, "ಅವರಿಗೆ ಸೆಕ್ಷನ್ ಓದಿ ಹೇಳೋರ್ಯಾರು?" ಎಂದ.

ಅಶ್ವತ್ಥಮ್ಮ ಟೋಪಿ ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಚನ್ನರಾಯಪ್ಪ ಮುಂದೆಯೇ ಇದ್ದ.

"ದೇವರ ಮೈ ಮೇಲೆ ಉಳಿ ಇಟ್ಟಿದ್ದಾನಮ್ಮ! ಬಿಡೋ ಮಾತೇ ಇಲ್ಲ."

"ಯಾವ ದೇವರು ಚನ್ನರಾಯಣ್ಣ? ಒಳಗಿರೋ ವೆಂಕಟರಮಣನ್ನ ಮುಟ್ಟಿದ್ನಾ?"

"ಇಲ್ಲ. ಜಯನ್ನ."

ಅಶ್ವತ್ಥಮ್ಮ ಪೂಜಾರಿಯ ಕಡೆ ತಿರುಗಿದಳು. "ಸ್ವಾಮೀ, ಜಯನಿಗೆ ದಿನಾ ನೈವೇದ್ಯ ಇಡ್ತೀರಾ?"

ಪೂಜಾರಿ ತಡವರಿಸಿದ. "ಇಲ್ಲಮ್ಮ... ನೈವೇದ್ಯ ಒಳಗಡೆಯವರಿಗೆ ಮಾತ್ರ. ಇವರು ದ್ವಾರಪಾಲಕರು..."

"ಅಂದ್ರೆ ವಾಚ್‌ಮನ್ನು. ಅವತ್ತು ಒಳಗೆ ಬಿಡಬೇಕಾದ ಋಷಿಗಳನ್ನ ತಡೆದು ಶಾಪ ತಿಂದು ರಾಕ್ಷಸ ಆಗಿ ಹುಟ್ಟಿದ. ಇವತ್ತು ತಡೀಬೇಕಾದೋನನ್ನ ತಡೀದೆ ಮೂಗು ಕೆತ್ತಿಸ್ಕೊಂಡ. ಒಂದು ದಿನಾನಾದ್ರೂ ಡ್ಯೂಟಿ ನೆಟ್ಟಗೆ ಮಾಡಿದ್ದಾನೇನ್ರಯ್ಯಾ? ಇಂಥ ವಾಚ್‌ಮನ್ ಪರವಾಗಿ ಅರವತ್ತು ಜನ ಬಂದಿದ್ದೀರಿ!"

ಹಿಂದಿನವರು ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಎಲ್ಲರೂ ನಗಲಿಲ್ಲ. "ದೇವರ ವಿಷಯದಲ್ಲಿ ತಮಾಷೇನಾ? ನಿಮ್ಮ ಮೇಲೂ ಕಂಪ್ಲೇಂಟ್ ಕೊಡ್ತೀವಿ" ಎಂದು ಒಬ್ಬ ಕೂಗಿದ. "ಕೊಡಪ್ಪ, ನಾನೇ ಬರ್ಕೊಡ್ತೀನಿ, ನನ್ನ ಅಕ್ಷರ ಚೆನ್ನಾಗಿದೆ" ಎಂದಳು. ಆದರೆ ನಕ್ಕವರು ಮನೆಗೆ ಹೋಗುತ್ತಾರೆ, ನಗದವರು ಉಳಿಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಅನಿತ ಬಂದಳು. ಶಿವಾರಪಟ್ಟಣದಿಂದ ಯಾರದೋ ಆಟೋದಲ್ಲಿ ಬಂದಿದ್ದಳು, ಕೈಗೆ ಮೈಗೆ ಕಲ್ಲಿನ ಧೂಳು ಹಾಗೇ ಇತ್ತು. ಗುಂಪನ್ನು ಸೀಳಿಕೊಂಡು ಚನ್ನರಾಯಪ್ಪನ ಮುಂದೆ ನಿಂತಳು. ಕಾಲಿಗೆ ಬೀಳುತ್ತಾಳೆಂದು ಎಲ್ಲರೂ ಅಂದುಕೊಂಡರು. ಬೀಳಲಿಲ್ಲ.

"ಹೊಡೀಬೇಕು ಅಂದ್ರೆ ಹೊಡೀರಣ್ಣ. ಆದ್ರೆ ಮೊದ್ಲು ಅವನು ಒಂದು ನಿದ್ದೆ ಮಾಡ್ಲಿ. ಎಂಟು ದಿನದಿಂದ ನಾನೂ ಮಾಡಿಲ್ಲ."

ಚನ್ನರಾಯಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. "ಕಂಪ್ಲೇಂಟ್ ವಾಪಸ್ ತಗೊಳಲ್ಲ" ಎಂದ. ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದ.

ಜೀಪು ಓಡಿಸಿದ್ದು ಕದಿರೇಶ್ ಎಂಬ ಪೇದೆ. ಹಿಂದೆ ಭೀಮರಾಜ್, ಅವನ ಒಂದು ಪಕ್ಕ ಅನಿತ, ಇನ್ನೊಂದು ಪಕ್ಕ ಅಶ್ವತ್ಥಮ್ಮ. ಕೈಗೆ ಕೋಳ ಹಾಕೋಣವೇ ಎಂದು ಕದಿರೇಶ್ ಕೇಳಿದ್ದಕ್ಕೆ "ಹಾಕು, ನಿನ್ನ ಕೈಗೆ" ಎಂದಿದ್ದಳು. ನರಸಾಪುರ ದಾಟುವಾಗ ಶಿಫ್ಟು ಬದಲಾಗುವ ಹೊತ್ತು. ಕಂಪನಿ ಬಸ್ಸುಗಳು ಒಂದರ ಹಿಂದೊಂದು ಸಾಲುಗಟ್ಟಿ, ಜೀಪು ನಡುವೆ ಸಿಕ್ಕಿಕೊಂಡಿತು. ಅಶ್ವತ್ಥಮ್ಮ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಭೀಮರಾಜ್ ಅವಳನ್ನು ದಾಟಿ ಹಿಂದಿನಿಂದ ಹಾರಿ, ಪಕ್ಕದ ಬಸ್ಸು ಹತ್ತಿಬಿಟ್ಟ.

ಬಸ್ಸಿನ ತುಂಬ ಎರಡನೇ ಶಿಫ್ಟಿಗೆ ಹೋಗುವ ಹುಡುಗಿಯರು. ಭೀಮರಾಜ್ ನಡುವೆ ನಿಂತು, ನಿಮ್ಮಲ್ಲಿ ಒಬ್ಬೊಬ್ಬರನ್ನೂ ಶಿಲೆಯಲ್ಲಿ ನಿಲ್ಲಿಸುತ್ತೇನೆ, ನಾಳೆಯಿಂದ ಯಾರೂ ಕೆಲಸಕ್ಕೆ ಹೋಗಬೇಡಿ ಎಂದು ಭಾಷಣ ಮಾಡುತ್ತಿದ್ದ. ಎರಡನೆಯ ಮಾತಿಗೆ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಅಶ್ವತ್ಥಮ್ಮ ಏದುಸಿರು ಬಿಡುತ್ತಾ ಹತ್ತಿದಳು. ಹಳೆಯ ಅಶ್ವತ್ಥಮ್ಮನಾಗಿದ್ದರೆ ಕೊರಳಪಟ್ಟಿಗೆ ಕೈ ಹಾಕಿರುತ್ತಿದ್ದಳು. ಈಗಲೂ ಕೈ ಅರ್ಧ ಎದ್ದಿತ್ತು. ಆ ಕೈಯನ್ನೇ ಮುಂದೆ ಚಾಚಿ, ಹುಡುಗಿಯರು ಎದ್ದು ಬಿಟ್ಟುಕೊಟ್ಟ ಸೀಟಿನಲ್ಲಿ ಕೂತಳು.

"ಭೀಮರಾಜಪ್ಪ, ಬಾ ಇಲ್ಲಿ. ಮುಖಕ್ಕೆ ಮೂಗು ಎಷ್ಟಿರಬೇಕು ಅಂತ ಇಲ್ಲಿ ಬರೆದು ತೋರ್ಸು. ನಂಗೆ ಇನ್ನೂ ಅರ್ಥ ಆಗಿಲ್ಲ."

ಅವನು ಪಕ್ಕದಲ್ಲಿ ಕೂತ. ಅವಳ ಜೇಬಿನ ಪೆನ್ನು ತೆಗೆದು, ಅವಳ ಅಂಗೈಯಲ್ಲಿ ಒಂದು ಮುಖ ಬರೆದು, ಮೂರು ಸಮಭಾಗ ಮಾಡಿ, ಮಧ್ಯದ ಭಾಗ ಮೂಗಿನದು ಎಂದು ತೋರಿಸಿದ. ಮಾತು ಓಡುತ್ತಿತ್ತು, ಮೈ ನಡುಗುತ್ತಿತ್ತು, ಬರೆದ ಗೆರೆ ಮಾತ್ರ ಕೂದಲಿನಷ್ಟೂ ಅಲುಗಲಿಲ್ಲ. ಬರೆಯುತ್ತ ಬರೆಯುತ್ತ ಒಂದು ಗಳಿಗೆ ನಿಲ್ಲಿಸಿ, ತುಂಬ ಸಣ್ಣ ದನಿಯಲ್ಲಿ, "ಅಕ್ಕಾ, ಸುಸ್ತಾಗ್ತಿದೆ. ನಿಲ್ಸೋಕೆ ಆಗ್ತಿಲ್ಲ" ಎಂದ.

"ಗೊತ್ತು ಕಣಪ್ಪ. ನಿಲ್ಸೋರ ಹತ್ರನೇ ಹೋಗ್ತಾ ಇರೋದು" ಎಂದಳು. ಕೈ ಹಿಡಿದುಕೊಂಡು ಇಳಿಸಿಕೊಂಡು ಬಂದಳು.

ಕೋಲಾರದ ಆಸ್ಪತ್ರೆಯಲ್ಲಿ ಶ್ರೀವಾಣಿ ಡಾಕ್ಟರು ಅರ್ಧ ಗಂಟೆ ಅವನ ಮಾತು ಕೇಳಿದರು, ಅನಿತಳ ಮಾತು ಒಂದು ಗಂಟೆ ಕೇಳಿದರು. ಅನಿತ ಸಹಿ ಹಾಕಿದಳು. ಇಂಜೆಕ್ಷನ್ ಕೊಟ್ಟ ಮೇಲೂ ಅವನು ಹೊತ್ತು ಮುಳುಗುವ ತನಕ ನರ್ಸುಗಳ ಮೂಗು ವಿಂಗಡಿಸುತ್ತಿದ್ದ. ಆಮೇಲೆ ಒಂದು ವಾಕ್ಯದ ನಡುವೆ ಮಲಗಿಬಿಟ್ಟ. ಹದಿನಾರು ಗಂಟೆ ಏಳಲಿಲ್ಲ. ಮಂಚದ ಕೆಳಗೆ ನೆಲದ ಮೇಲೆ ಅನಿತ ಹದಿನೇಳು ಗಂಟೆ ಮಲಗಿದಳು.

"ಇದು ಬೈಪೋಲಾರ್ ಅಂತ. ಮನಸ್ಸಿನ ಗಾಡಿಗೆ ಒಂದೊಂದ್ಸಲ ಬ್ರೇಕೇ ಇರಲ್ಲ, ಒಂದೊಂದ್ಸಲ ಇಂಜಿನ್ನೇ ಸ್ಟಾರ್ಟ್ ಆಗಲ್ಲ" ಎಂದು ಡಾಕ್ಟರು ಹೇಳಿದರು. "ಶುಗರ್ ಥರ. ಮಾತ್ರೆ ತಗೊಂಡು ಬದುಕಬಹುದು. ಜೈಲಿಗೆ ಹೋಗಿದ್ರೆ ಗೋಡೆಗೆ ತಲೆ ಚಚ್ಕೊಂಡಿರ್ತಿದ್ದ, ಯಾರಾದ್ರೂ ಅವನನ್ನ ಚಚ್ಚಿರ್ತಿದ್ರು."

ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಭೀಮರಾಜ್ ಮನೆಗೆ ಬಂದ. ಡಾಕ್ಟರ ಪತ್ರ ನೋಡಿ, ಅವಮಾನ ಮಾಡುವ ಉದ್ದೇಶವೇ ಇಲ್ಲದಿರುವಾಗ ಕೇಸು ನಿಲ್ಲುವುದಿಲ್ಲವೆಂದು ಮುರಳಿಮೋಹನ್ ಹಿಂಬರಹ ಕೊಟ್ಟ. ಬರೆದದ್ದು ಅಶ್ವತ್ಥಮ್ಮ. ಗುಡಿಯ ಕಮಿಟಿ ಸಭೆ ಸೇರಿ ಶುದ್ಧಿ ಪೂಜೆ ಮಾಡಿಸಿತು. ಆಮೇಲೆ ಬೇರೆ ಪೀಕಲಾಟ ಶುರುವಾಯಿತು. ಹೊಸ ಮೂಗಿನ ಜಯ ಎದ್ದು ಕಾಣುವ ಹಾಗೆ ಚೆಲುವನಾಗಿಬಿಟ್ಟಿದ್ದ, ಪಕ್ಕದ ವಿಜಯ ಅವನ ಬಡ ನೆಂಟನಂತೆ ಕಾಣತೊಡಗಿದ. ವಿಜಯನದೂ ಸರಿಮಾಡಿಸಬೇಕೆಂದು ಅರ್ಧ ಕಮಿಟಿ, ಕಟ್ಟಿಹಾಕಿ ಹೊಡೆದವನ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಇನ್ನರ್ಧ. ಚನ್ನರಾಯಪ್ಪ ಮೂರು ಸಭೆ ಮುಂದೂಡಿದ.

ಈ ಗಲಾಟೆಯ ನಡುವೆ ಒಂದು ಭಾನುವಾರ ಅಶ್ವತ್ಥಮ್ಮ ಸೀರೆ ಉಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದಳು. ಅಂಜಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಿಳಾಸ ಅವಳೇ ಬರೆದದ್ದಲ್ಲವೇ, ಬಾಯಿಪಾಠವಾಗಿತ್ತು. ಅಂಗಳದಲ್ಲಿ ಮುನಿಯಲ್ಲಪ್ಪ ಹಸುವಿನ ಪಕ್ಕ ಕೂತಿದ್ದ. ಗಡ್ಡ ಎದೆಗೆ ಬಂದಿತ್ತು. ಅವಳನ್ನು ನೋಡಲಿಲ್ಲ. ಅಂಜಮ್ಮ ನೋಡಿದಳು, ಸೀರೆಯಲ್ಲಿದ್ದರೂ ಗುರುತು ಹಿಡಿದಳು.

"ಏಮ್ಮಾ, ಇಪ್ಪುಡಾ ಒಚ್ಚೇದಿ?" ಎಂದಳು. ಈಗಲಾ ಬರುವುದು ಎಂದು.

ಅಶ್ವತ್ಥಮ್ಮ ಅಂಗಳದಲ್ಲೇ ಚಪ್ಪಲಿ ಬಿಟ್ಟು ನಿಂತಳು. "ತಪ್ಪಾಯ್ತು ಕಣಮ್ಮ. ಅವನನ್ನ ಆಸ್ಪತ್ರೆಗೆ ಕಳಿಸ್ಬೇಕಾಗಿತ್ತು. ಜೈಲಿಗೆ ಕಳಿಸ್ದೆ. ಕೋಲಾರದಲ್ಲಿ ಒಬ್ರು ಡಾಕ್ಟ್ರಿದ್ದಾರೆ, ಈಗ್ಲಾದ್ರೂ ತೋರಿಸೋಣ" ಎಂದಳು.

"ನಿನ್ನ ತಪ್ಪಾಯ್ತನ್ನ ನಾನು ಎಲ್ಲಿ ಇಟ್ಕೊಳ್ಲಿ? ಒಲೆ ಮೇಲಾ?" ಎಂದಳು ಅಂಜಮ್ಮ. "ಹದಿನಾಲ್ಕು ತಿಂಗಳು ಆ ಬಾಗಿಲಲ್ಲಿ ಕೂತಿದ್ದೀನಿ. ನಿನ್ನ ಮಗನಾಗಿದ್ರೆ ಬಸ್ ಯಾವ್ದು ಅಂತ ಕೇಳಿ ನಗ್ತಿದ್ಯಾ?"

ಠಾಣೆಯಲ್ಲಿ ನಕ್ಕದ್ದೂ ಅಂಜಮ್ಮನಿಗೆ ತಿಳಿದಿತ್ತು. ಯಾರು ಹೇಳಿದರೋ. ಅಂಜಮ್ಮ ಬೈದಳು, ಕನ್ನಡದಲ್ಲಿ ಬೈದು ಸಾಕಾಗದೆ ತೆಲುಗಿನಲ್ಲಿ ಬೈದಳು, ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿದರು. ಅಶ್ವತ್ಥಮ್ಮ ಬಿಸಿಲಲ್ಲಿ ನಿಂತುಕೊಂಡು ಅಷ್ಟನ್ನೂ ಕೇಳಿಸಿಕೊಂಡಳು. ಬೈದು ಬೈದು ಸುಸ್ತಾದ ಅಂಜಮ್ಮ ಜಗುಲಿಯ ಮೇಲೆ ಕೂತಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಕುಡಿಯಲು ನೀರು ಕೊಡಲಿಲ್ಲ, ಕೂರು ಎನ್ನಲಿಲ್ಲ.

"ಆ ಡಾಕ್ಟ್ರು ಯಾವತ್ತು ಸಿಗ್ತಾರೆ?" ಎಂದು ಕೇಳಿದಳು.

ಮುಂದಿನ ಮಂಗಳವಾರ ಮೂವರೂ ಹೋದರು. ಮುನಿಯಲ್ಲಪ್ಪನ ಕಾಯಿಲೆ ಬೇರೆ, ತುಂಬ ತಡವಾಗಿತ್ತು ಕೂಡ. ಮಾತ್ರೆ ಶುರುಮಾಡಿ ಐದು ತಿಂಗಳಾದ ಮೇಲೆ ಅವನು ಹಸುವಿನ ಹೆಸರು ಹಿಡಿದು ಕರೆದ. ಮನುಷ್ಯರ ಸರದಿ ಇನ್ನೂ ಬರಬೇಕು. ಅಂಜಮ್ಮ ಅಶ್ವತ್ಥಮ್ಮನನ್ನು ಕ್ಷಮಿಸಿಲ್ಲ. ಆದರೆ ಮಾತ್ರೆ ಮುಗಿಯುವ ವಾರ ಫೋನು ಮಾಡಿ "ಬರ್ತೀಯಾ, ಇಲ್ವಾ?" ಎಂದು ಗದರಿಸುತ್ತಾಳೆ.

ಭೀಮರಾಜನದೂ ಸಲೀಸಾಗಿ ನಡೆಯಲಿಲ್ಲ. ಮೂರು ತಿಂಗಳಾದ ಮೇಲೆ ಅನಿತ ಠಾಣೆಗೆ ಓಡಿ ಬಂದಳು. ಅವನು ಮಾತ್ರೆ ಬಿಟ್ಟಿದ್ದಾನೆ, ಎರಡು ದಿನದಿಂದ ನಿದ್ದೆ ಕಮ್ಮಿ. ಅಶ್ವತ್ಥಮ್ಮ ಶಿವಾರಪಟ್ಟಣಕ್ಕೆ ಹೋದಾಗ ಅವನು ಶೆಡ್ಡಿನಲ್ಲಿ ಅರ್ಧ ಮುಗಿದ ಒಂದು ಲಕ್ಷ್ಮಿಯ ಮುಂದೆ ಕೂತು ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದ. ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು.

"ನೋಡಕ್ಕಾ. ನಿಮ್ಮ ಮಾತ್ರೆ ಮಾಡಿರೋ ಕೆಲ್ಸ. ತಲೆ ಸರಿ ಹೋಯ್ತು, ಕೈ ಹಾಳಾಯ್ತು. ಈ ಕೈಲಿ ದೇವಿಗೆ ಕಣ್ಣು ಬಿಡ್ಸಿ ಅವಳಿಗೆ ಮೆಳ್ಳೆಗಣ್ಣಾದ್ರೆ, ಆಗ ಯಾವ ಸೆಕ್ಷನ್ ಹಾಕ್ತೀರಾ?"

ಅಶ್ವತ್ಥಮ್ಮನಿಗೆ ನಗು ಬಂತು. ಆದರೆ ಇಂಥದ್ದನ್ನು ಅವಳು ಯೋಚಿಸಿಯೇ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದರೆ ಕಥೆ ಮುಗಿಯಿತು ಎಂದುಕೊಂಡಿದ್ದಳು. ಅಲ್ಲಿಯೇ ಕಲ್ಲಿನ ಪುಡಿಯ ಮೇಲೆ ಕೂತು ಡಾಕ್ಟರಿಗೆ ಫೋನು ಹಚ್ಚಿದಳು.

"ಅವನು ಕಲ್ಲಿನ ಕೆಲಸದೋನು ಅಂತ ಗೊತ್ತಿದ್ದೂ ನಾನೇ ಮೊದಲೇ ಕೇಳ್ಬೇಕಾಗಿತ್ತು. ಕರ್ಕೊಂಡು ಬನ್ನಿ, ರಕ್ತ ನೋಡಿ ಡೋಸ್ ಇಳಿಸೋಣ. ಆದ್ರೆ ಬಿಟ್ಟುಬಿಡೋದು ಮಾತ್ರ ಬೇಡ" ಎಂದರು ಶ್ರೀವಾಣಿ.

ಡೋಸು ಇಳಿಸಿದರು, ಇನ್ನೊಂದು ಮಾತ್ರೆ ಸೇರಿಸಿದರು. ನಡುಕ ಪೂರ್ತಿ ಹೋಗಲಿಲ್ಲ. ಬೆಳಿಗ್ಗೆ ಇರುತ್ತದೆ, ಸಂಜೆ ಹೊತ್ತಿಗೆ ಕೈ ನಿಲ್ಲುತ್ತದೆ. ಹಾಗಾಗಿ ಭೀಮರಾಜ್ ಬೆಳಿಗ್ಗೆ ಪೀಠ, ಪ್ರಭಾವಳಿ ಎಂಬ ದಪ್ಪ ಕೆಲಸ ಮಾಡುತ್ತಾನೆ. ಮುಖವೆಲ್ಲ ಸಂಜೆಗೆ. ಆ ಲಕ್ಷ್ಮಿಯ ಕಣ್ಣು ಬಿಡಿಸಿದ ದಿನ ಅನಿತ ಫೋಟೋ ಕಳಿಸಿದ್ದಳು. ಅಶ್ವತ್ಥಮ್ಮ ಅದನ್ನು ಮೂರು ಸಲ ದೊಡ್ಡದು ಮಾಡಿ ನೋಡಿದಳು. ಎರಡೂ ಕಣ್ಣು ಒಂದೇ ಕಡೆ ನೋಡುತ್ತಿದ್ದವು.

ಇಷ್ಟಾದ ಮೇಲೆ ಠಾಣೆಗೆ ವಿಚಿತ್ರವಾದವರು ಯಾರು ಬಂದರೂ ಮುರಳಿಮೋಹನ್ "ಇದು ಅಮ್ಮನ ಕೇಸು" ಎಂದು ಅವಳ ಟೇಬಲ್ಲಿಗೆ ತಳ್ಳತೊಡಗಿದ. ಸುದ್ದಿ ಹೊರಗೂ ಹೋಯಿತು. ಸರ ಕಿತ್ತು ಸಿಕ್ಕಿಬಿದ್ದ ಒಬ್ಬ ಖದೀಮ, ಠಾಣೆಯ ನಡುವೆ ನಿಂತು ಕೋಳಿಯ ಹಾಗೆ ಕೂಗಿ, "ಅಕ್ಕಾ, ನಂಗೆ ತಲೆ ಸರಿಯಿಲ್ಲ, ಆಸ್ಪತ್ರೆಗೆ ಕಳ್ಸಿ" ಎಂದ. ಅಶ್ವತ್ಥಮ್ಮ ಅವನಿಗೆ ಒಂದು ಟೀ ತರಿಸಿಕೊಟ್ಟಳು. ಕೋಳಿ ಲಕ್ಷಣವಾಗಿ ಟೀ ಕುಡಿದು, ಬಿಸ್ಕತ್ತು ಇಲ್ಲವೇ ಎಂದು ಕೇಳಿತು. "ನಿನ್ನ ತಲೆ ಸರಿಯಾಗೇ ಇದೆ ಕಣೋ, ಅದೇ ತೊಂದ್ರೆ" ಎಂದು ಪೆನ್ನು ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಅವನ ರಿಮ್ಯಾಂಡ್ ಅರ್ಜಿ ಬರೆದಳು.

ಇನ್ನೊಬ್ಬ ಅಮರನಾಥ್. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡು, ಬೆಳಿಗ್ಗೆ ಆರಕ್ಕೇ ಕುಡಿಯಲು ಶುರುಮಾಡಿ, ರಸ್ತೆಯ ನಡುವೆ ಮಲಗಿ, ಎಬ್ಬಿಸಲು ಬಂದವರಿಗೆ ಚಪ್ಪಲಿ ಎಸೆಯುತ್ತಿದ್ದವನು. ಎರಡು ಸಲ ಒಳಗೆ ಹೋಗಿ ಬಂದಿದ್ದ, ಬಂದ ದಿನವೇ ಮತ್ತೆ ಅಲ್ಲೇ ಮಲಗಿದ್ದ. ಅಶ್ವತ್ಥಮ್ಮ ಅವನ ಅಕ್ಕನನ್ನು ಒಪ್ಪಿಸಿ, ಅವನನ್ನೂ ಹೇಗೋ ಒಪ್ಪಿಸಿ, ಕುಡಿತ ಬಿಡಿಸುವ ವಾರ್ಡಿಗೆ ಸೇರಿಸಿದಳು. ಮೂರನೇ ದಿನ ಗೋಡೆ ಹಾರಿ ಓಡಿಬಂದ. ಮತ್ತೆ ಸೇರಿಸಿದಳು. ಮತ್ತೆ ಓಡಿಬಂದ, ಈ ಸಲ ವಾರ್ಡಿನ ಬೆಡ್‌ಶೀಟು ಸಮೇತ. "ನಿಂಗೆ ಬೇರೆ ಕೆಲ್ಸ ಇಲ್ವಾ ಅಕ್ಕಾ?" ಎಂದು ಅವನೇ ಕೇಳಿದ. "ಇಲ್ಲ ಕಣೋ, ರಿಟೈರ್ ಆಗೋ ತನಕ ಇದೇ ಕೆಲ್ಸ. ಗೋಡೆ ಎಷ್ಟು ಎತ್ತರ ಇದೆ ಅಂತ ಇಬ್ರೂ ನೋಡೋಣ" ಎಂದಳು. ಮೂರನೇ ಸಲ ನಲವತ್ತು ದಿನ ನಿಂತ.

ಈಗ ಅವನು ಒಂದು ಕಂಪನಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಾನೆ. ಒಂದು ದಿನವೂ ಬಂದು ಥ್ಯಾಂಕ್ಸ್ ಎನ್ನಲಿಲ್ಲ. ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಅಶ್ವತ್ಥಮ್ಮ ಎದುರಾದರೆ ಕಂಡೂ ಕಾಣದವನಂತೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಕದಿರೇಶನಿಗೆ ಅದನ್ನು ಕಂಡರೆ ಕೋಪ. "ಎಷ್ಟು ಕೊಬ್ಬು ನೋಡಿ ಅಮ್ಮಾ, ಒಂದು ನಮಸ್ಕಾರ ಕೂಡ ಇಲ್ಲ!"

"ಬಿಡೋ" ಎನ್ನುತ್ತಾಳೆ ಅಶ್ವತ್ಥಮ್ಮ. "ನೆಟ್ಟಗೆ ದಾಟ್ತಿದ್ದಾನೆ, ನೋಡು."